ನಂಬಿಕೆ ಹೆತ್ತವರದು, ಜೀವ ಮಗುವಿನದು

1941ರ ಜನವರಿಯಲ್ಲಿ, ಯುದ್ಧದ ಕಾವಿನಲ್ಲಿದ್ದ ಆಸ್ಟ್ರೇಲಿಯಾ ಸರ್ಕಾರ ಯೆಹೋವನ ಸಾಕ್ಷಿಗಳ ಪಂಥವನ್ನು ನಿಷೇಧಿಸಿತು. ಅಡಿಲೇಡ್ ನಗರದಲ್ಲಿದ್ದ ಅವರ ಸಭಾಮಂದಿರವನ್ನು ವಶಕ್ಕೆ ತೆಗೆದುಕೊಂಡಿತು. ಅಲ್ಲಿನ ಭಕ್ತರು ಹೈಕೋರ್ಟಿಗೆ ಹೋದರು. (ಆ ದೇಶದಲ್ಲಿ ಹೈಕೋರ್ಟೇ ಎಲ್ಲಕ್ಕಿಂತ ಮೇಲಿನದು, ಸುಪ್ರೀಂ ಕೋರ್ಟ್ ರಾಜ್ಯಕ್ಕೊಂದು.) 1943ರಲ್ಲಿ ತೀರ್ಪು ಬಂತು: ನಿಷೇಧದ ನಿಯಮಗಳು ಸರ್ಕಾರದ ಅಧಿಕಾರದ ಎಲ್ಲೆ ಮೀರಿವೆ, ಅವು ನಿಲ್ಲುವುದಿಲ್ಲ. ಪಂಥ ಗೆದ್ದಿತು. ಆದರೆ ಸಂವಿಧಾನದ 116ನೇ ವಿಧಿ ಕೊಡುವ ಧಾರ್ಮಿಕ ಸ್ವಾತಂತ್ರ್ಯಕ್ಕೂ ಮಿತಿಯುಂಟು, ಸಮಾಜ ತನ್ನನ್ನು ಕಾಪಾಡಿಕೊಳ್ಳಲು ಮಾಡುವ ಕಾನೂನಿಗೆ ಧರ್ಮವೂ ತಲೆಬಾಗಬೇಕಾದೀತು ಎಂದು ಮುಖ್ಯ ನ್ಯಾಯಮೂರ್ತಿ ಜಾನ್ ಲೇಥಮ್ ಅದೇ ತೀರ್ಪಿನಲ್ಲಿ ವಿವರಿಸಿದರು.

ಎರಡೇ ವರ್ಷದ ನಂತರ, 1945ರಲ್ಲಿ, ಅದೇ ಪಂಥದ ಅಮೆರಿಕದ ಕೇಂದ್ರ ಮತ್ತೊಬ್ಬರ ರಕ್ತ ಪಡೆಯುವುದು ದೇವರ ಆಜ್ಞೆಗೆ ವಿರುದ್ಧ ಎಂದು ಸಾರಿತು. ಸಭಾಮಂದಿರದ ಬಾಗಿಲಲ್ಲಿ ನಡೆದ ವಾದ ಮಕ್ಕಳ ವಾರ್ಡಿಗೆ ಬಂತು.

ಹೆತ್ತವರ ನಂಬಿಕೆ ದೊಡ್ಡದೇ, ಮಗುವಿನ ಜೀವವೇ ಎಂಬ ಪ್ರಶ್ನೆ ಮಾತ್ರ ಅದಕ್ಕಿಂತ ಹಳೆಯದು. ಇಂಗ್ಲೆಂಡಿನಲ್ಲಿ ‘ಪಿಕ್ಯೂಲಿಯರ್ ಪೀಪಲ್’ ಎಂಬ ಸಣ್ಣ ಪಂಥವಿತ್ತು. ಮಗುವಿಗೆ ಕಾಯಿಲೆಯಾದರೆ ವೈದ್ಯರನ್ನು ಕರೆಯದೆ ಎಣ್ಣೆ ಹಚ್ಚಿ ಪ್ರಾರ್ಥಿಸುವುದು ಅವರ ಪದ್ಧತಿ. 1868ರಲ್ಲಿ ಇಂಥ ತಂದೆ-ತಾಯಿಯನ್ನು ಲಂಡನ್ನಿನ ನ್ಯಾಯಾಲಯ ಬಿಡುಗಡೆ ಮಾಡಿತು. ಮಗುವಿನ ಮೇಲೆ ಅವರಿಗೆ ಪ್ರೀತಿಯಿತ್ತು, ಮಾಡಿದ್ದು ಪ್ರಾಮಾಣಿಕ ನಂಬಿಕೆಯಿಂದ ಎಂಬುದೇ ಕಾರಣ. ಪಾರ್ಲಿಮೆಂಟ್ ಅದೇ ವರ್ಷ ಕಾನೂನು ಬಿಗಿ ಮಾಡಿತು. 1899ರಲ್ಲಿ ಅದೇ ಪಂಥದ ಒಬ್ಬ ತಂದೆಗೆ ಶಿಕ್ಷೆಯಾದಾಗ, ಗೊತ್ತಿದ್ದೂ ಚಿಕಿತ್ಸೆ ಕೊಡಿಸದಿದ್ದರೆ ಅದು ಬೇಕೆಂದೇ ಮಾಡಿದ ನಿರ್ಲಕ್ಷ್ಯ, ಉದ್ದೇಶ ಎಷ್ಟು ಒಳ್ಳೆಯದಾದರೂ ಅದು ನೆಪವಾಗದು ಎಂಬುದು ಸ್ಥಿರವಾಯಿತು. ಸ್ಯಾಮ್ಯುಯೆಲ್ ಗ್ರಿಫಿತ್ ರೂಪಿಸಿದ ಕ್ವೀನ್ಸ್‌ಲ್ಯಾಂಡ್ ಅಪರಾಧ ಸಂಹಿತೆಯೂ 1899ರದೇ. ತನ್ನ ವಶದಲ್ಲಿರುವ ಮಗುವಿಗೆ ಬದುಕಲು ಬೇಕಾದುದನ್ನು ಒದಗಿಸುವುದು ಕರ್ತವ್ಯ ಎಂಬ ಅದರ 286ನೇ ಕಲಮು ತಿದ್ದುಪಡಿಗಳೊಂದಿಗೆ ಇಂದಿಗೂ ಜಾರಿಯಲ್ಲಿದೆ.

ಆದರೆ ಶಿಕ್ಷೆಯ ದಾರಿಗೆ ಒಂದು ದೊಡ್ಡ ಕೊರತೆ. ಅದು ಮಣ್ಣು ಮಾಡಿ ಬಂದ ಮೇಲೆ ಶುರುವಾಗುತ್ತದೆ. 1960ರಲ್ಲಿ ವಿಕ್ಟೋರಿಯಾ ರಾಜ್ಯದಲ್ಲಿ ನವಜಾತ ಶಿಶುವಿಗೆ ರಕ್ತ ಕೊಡಲು ಒಪ್ಪದ ತಂದೆ ನರಹತ್ಯೆಯ ಅಪರಾಧಿಯಾದ. ಆತನನ್ನು ದಂಡಿಸಿದ್ದರಿಂದ ಮುಂದಿನ ಮಗು ಉಳಿಯುವುದೇ ಎಂಬ ಪ್ರಶ್ನೆ ಎಲ್ಲ ರಾಜ್ಯಗಳನ್ನೂ ಕಾಡಿತು. ದಕ್ಷಿಣ ಆಸ್ಟ್ರೇಲಿಯಾ 1960ರಲ್ಲೇ ಮಕ್ಕಳ ತುರ್ತು ಚಿಕಿತ್ಸೆಗೆಂದು ಪ್ರತ್ಯೇಕ ಕಾಯ್ದೆ ಮಾಡಿತು. ಕ್ವೀನ್ಸ್‌ಲ್ಯಾಂಡ್ 1979ರಲ್ಲಿ, ಪಶ್ಚಿಮ ಆಸ್ಟ್ರೇಲಿಯಾ 1982ರಲ್ಲಿ ಅಂಗಾಂಶ ಕಸಿಯ ಕಾಯ್ದೆಗಳೊಳಗೆ ಇದಕ್ಕೆ ಜಾಗ ಮಾಡಿದವು: ರಕ್ತ ಕೊಡದಿದ್ದರೆ ಮಗುವಿನ ಜೀವಕ್ಕೆ ಅಪಾಯ ಎಂದು ಇಬ್ಬರು ವೈದ್ಯರು ಒಪ್ಪಿದರೆ ಸಾಕು, ಹೆತ್ತವರ ಸಮ್ಮತಿಗೆ ಕಾಯಬೇಕಿಲ್ಲ. ದಕ್ಷಿಣ ಆಸ್ಟ್ರೇಲಿಯಾದ 1995ರ ಸಮ್ಮತಿ ಕಾಯ್ದೆ ಇನ್ನೂ ನೇರ. ತುರ್ತಿನಲ್ಲಿ ತಂದೆ-ತಾಯಿಯನ್ನು ಕೇಳಬೇಕು. ಅವರು ಬೇಡವೆಂದರೂ ಮಗುವಿನ ಹಿತಕ್ಕೆ ಅಗತ್ಯವಾದ ಚಿಕಿತ್ಸೆ ಕೊಡಬಹುದು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ನಿಜವಾದ ತಿರುವು ಇದು. ಕಾನೂನು ಸ್ಮಶಾನದ ಕಡೆಯಿಂದ ಹೊರಳಿ ಆಸ್ಪತ್ರೆಯ ಹಾಸಿಗೆಯ ಪಕ್ಕಕ್ಕೆ ಬಂತು.

ಗಂಟೆಗಳ ಲೆಕ್ಕದ ತುರ್ತಿಗೆ ಈ ಕಾಯ್ದೆಗಳು ಸಾಕು. ತಿಂಗಳುಗಟ್ಟಲೆ ನಡೆಯುವ ಕ್ಯಾನ್ಸರ್ ಚಿಕಿತ್ಸೆಗೆ, ಕಸಿ ಶಸ್ತ್ರಚಿಕಿತ್ಸೆಗೆ ನ್ಯಾಯಾಲಯದ ಅಪ್ಪಣೆ ಬೇಕಾಗುತ್ತದೆ. ಅದಕ್ಕೆ ತಳಹದಿ ಒದಗಿಸಿದ್ದು 1992ರ ಹೈಕೋರ್ಟ್ ತೀರ್ಪು. ‘ಮೇರಿಯನ್ ಪ್ರಕರಣ’ ಎಂದೇ ಹೆಸರಾದ ಅದರಲ್ಲಿ ಹೆತ್ತವರ ಅಧಿಕಾರ ಮಗುವಿನ ಹಿತಕ್ಕಾಗಿ ಇರುವಂಥದ್ದು, ಮಗು ಬೆಳೆದಂತೆ, ಅದರ ತಿಳಿವಳಿಕೆ ಹೆಚ್ಚಿದಂತೆ ಕರಗುವಂಥದ್ದು ಎಂದು ನ್ಯಾಯಮೂರ್ತಿಗಳು ಹೇಳಿದರು. ಆಮೇಲೆ ಒಂದರ ಹಿಂದೊಂದು ಅರ್ಜಿಗಳು ಬಂದವು. ಅಡಿಲೇಡ್‌ನ ಸುಪ್ರೀಂ ಕೋರ್ಟ್ 2010ರಲ್ಲೂ 2012ರಲ್ಲೂ ಸಾಕ್ಷಿ ಪಂಥದ ಮಕ್ಕಳಿಗೆ ರಕ್ತ ಕೊಡಲು ಅನುಮತಿ ಕೊಟ್ಟಿತು. ಬ್ರಿಸ್ಬೇನ್‌ನಲ್ಲಿ 2015ರಲ್ಲಿ ಯಕೃತ್ತಿನ ಕಸಿಗೆ ಕಾಯುತ್ತಿದ್ದ 7 ವರ್ಷದ ಮಗುವಿಗೂ ಹಾಗೆಯೇ ಆಯಿತು. ಈ ತೀರ್ಪುಗಳಲ್ಲಿ ಹೆತ್ತವರನ್ನು ದೂಷಿಸುವ ದನಿಯಿಲ್ಲ. ಅವರ ನಂಬಿಕೆ ನಿಜವೇ ಸುಳ್ಳೇ ಎಂದು ನ್ಯಾಯಾಧೀಶರು ಕೇಳುವುದಿಲ್ಲ. ಮಗುವಿಗೆ ಯಾವುದು ಒಳ್ಳೆಯದು ಎಂಬುದಷ್ಟೇ ಅವರ ವಿಚಾರ. ಎಷ್ಟೋ ತಂದೆ-ತಾಯಿ ಕೈಯಾರೆ ಸಹಿ ಹಾಕಲಾರೆವು, ಆದರೆ ಕೋರ್ಟಿನ ಆದೇಶಕ್ಕೆ ಅಡ್ಡ ಬರುವುದಿಲ್ಲ ಎಂದುಬಿಡುತ್ತಾರೆ. ಮನಸ್ಸಾಕ್ಷಿಯ ಭಾರವನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಲು ಅವರಿಗೂ ಒಂದು ದಾರಿ ಸಿಗುತ್ತದೆ. ಇದನ್ನು ಸಣ್ಣ ಉಪಕಾರವೆಂದು ನಾನು ತಿಳಿಯುವುದಿಲ್ಲ.

ರಕ್ತ ಬೇಡವೆಂದವರಿಂದ ವೈದ್ಯಕೀಯಕ್ಕೆ ಸಿಕ್ಕಿದ್ದೂ ಉಂಟು. ಅವರಿಗಾಗಿ ವೈದ್ಯರು ಶಸ್ತ್ರಚಿಕಿತ್ಸೆಗೆ ಮೊದಲೇ ಕಬ್ಬಿಣಾಂಶ ಹೆಚ್ಚಿಸುವುದು, ಚೆಲ್ಲಿದ ರಕ್ತವನ್ನೇ ಶುದ್ಧಮಾಡಿ ಮರಳಿಸುವುದು, ಪರೀಕ್ಷೆಗೆಂದು ತೆಗೆಯುವ ರಕ್ತವನ್ನು ಕಡಿಮೆ ಮಾಡುವುದು ಮುಂತಾದ ಉಪಾಯಗಳನ್ನು ಬೆಳೆಸಿದರು. ಅವು ಎಲ್ಲ ರೋಗಿಗಳಿಗೂ ಒಳ್ಳೆಯದೆಂದು ಕಂಡಾಗ ಪಶ್ಚಿಮ ಆಸ್ಟ್ರೇಲಿಯಾ 2008ರಲ್ಲಿ ಇಡೀ ರಾಜ್ಯಕ್ಕೆ ಅನ್ವಯವಾಗುವ ಕಾರ್ಯಕ್ರಮ ಆರಂಭಿಸಿತು. 6,05,046 ರೋಗಿಗಳ ದಾಖಲೆ ಆಧರಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ರಕ್ತದ ಬಳಕೆ ಶೇ 41ರಷ್ಟು ಇಳಿದಿತ್ತು, ಆಸ್ಪತ್ರೆಯಲ್ಲಿ ಸಾಯುವ ಸಂಭವವೂ ಶೇ 28ರಷ್ಟು ತಗ್ಗಿತ್ತು. ಭಿನ್ನ ನಂಬಿಕೆಯವರೊಂದಿಗೆ ತಾಳ್ಮೆಯಿಂದ ಮಾತಾಡಿದ್ದಕ್ಕೆ ಬಂದ ಫಲವಿದು. ಲೂಕೀಮಿಯಾದ ಮಗುವಿಗೆ ಮಾತ್ರ ಈ ಉಪಾಯಗಳು ಸಾಲುವುದಿಲ್ಲ, ರಕ್ತವೇ ಬೇಕು.

ಇನ್ನೂ ಬಗೆಹರಿಯದ್ದು ಹರೆಯದವರ ವಿಷಯ. ದಕ್ಷಿಣ ಆಸ್ಟ್ರೇಲಿಯಾದಲ್ಲಿ 16 ತುಂಬಿದವರು ಚಿಕಿತ್ಸೆಯ ಬಗ್ಗೆ ವಯಸ್ಕರಂತೆಯೇ ತೀರ್ಮಾನಿಸಬಹುದು. ಪರ್ತ್‌ನಲ್ಲಿ 2004ರಲ್ಲಿ 15 ವರ್ಷದವರೊಬ್ಬರು ರಕ್ತ ನಿರಾಕರಿಸಿದಾಗ ನ್ಯಾಯಾಲಯ ಚಿಕಿತ್ಸೆಗೇ ಅಪ್ಪಣೆ ಕೊಟ್ಟಿತು. 2013ರಲ್ಲಿ ಸಿಡ್ನಿಯ ಮೇಲ್ಮನವಿ ನ್ಯಾಯಾಲಯ 18ಕ್ಕೆ ಕೆಲವೇ ತಿಂಗಳು ಬಾಕಿಯಿದ್ದ ಹುಡುಗನ ವಿಷಯದಲ್ಲೂ ಅದನ್ನೇ ಹೇಳಿತು. ಹುಟ್ಟಿದಂದಿನಿಂದ ಒಂದೇ ಬೋಧನೆ ಕೇಳಿ ಬೆಳೆದ ಹುಡುಗ ‘ಬೇಡ’ ಎಂದರೆ ಅದರಲ್ಲಿ ಅವನ ಸ್ವಂತ ದನಿ ಎಷ್ಟು? ಈ ಸಂದೇಹ ಇರುವವರೆಗೆ ನ್ಯಾಯಾಧೀಶರು ಜೀವದ ಕಡೆಗೆ ವಾಲುವುದೇ ಸರಿ ಎಂದು ನನಗನ್ನಿಸುತ್ತದೆ.

ಧರ್ಮವಿಲ್ಲದೆಯೂ ಚಿಕಿತ್ಸೆ ಬೇಡವೆನ್ನುವವರಿದ್ದಾರೆ. 2016ರಲ್ಲಿ ಪರ್ತ್‌ನ ಪ್ರಿನ್ಸೆಸ್ ಮಾರ್ಗರೆಟ್ ಆಸ್ಪತ್ರೆಯಲ್ಲಿದ್ದ, ಮೆದುಳಿನ ಕ್ಯಾನ್ಸರಿನ 6 ವರ್ಷದ ಹುಡುಗನಿಗೆ ಕೀಮೋಥೆರಪಿಯ ಯಾತನೆ ಬೇಡ ಎಂದು ಹೆತ್ತವರು ಹಟ ಹಿಡಿದರು. ರಾಜ್ಯದ ಕುಟುಂಬ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ ಸ್ಟೀಫನ್ ಥ್ಯಾಕ್ರೇ ಮಾರ್ಚ್‌ನಲ್ಲಿ ಚಿಕಿತ್ಸೆಗೆ ಆದೇಶಿಸಿದರು. ಗುಣವಾಗುವ ಆಸೆ ಕ್ಷೀಣಿಸಿದಾಗ, ಸೆಪ್ಟೆಂಬರಿನಲ್ಲಿ, ಅದೇ ನ್ಯಾಯಾಲಯ ನೋವು ಶಮನದ ಆರೈಕೆಯೇ ಸಾಕೆಂದಿತು. ಆ ಡಿಸೆಂಬರಿನಲ್ಲಿ ಹುಡುಗ ತೀರಿಕೊಂಡ. ಒಂದೇ ಮಗು, ಒಂದೇ ವರ್ಷ, ಒಂದೇ ನ್ಯಾಯಾಲಯ. ಮಗುವಿನ ಹಿತ ಎಂಬ ಅಳತೆಗೋಲು ಮೊದಲು ಹೆತ್ತವರ ವಿರುದ್ಧ, ಆಮೇಲೆ ಅವರ ಪರ ನಿಂತಿತು. ಕೋರ್ಟುಗಳು ಕಣ್ಣುಮುಚ್ಚಿ ವೈದ್ಯರ ಮಾತಿಗೆ ಮುದ್ರೆ ಒತ್ತುತ್ತವೆ ಎನ್ನುವವರು ಈ ಪ್ರಕರಣವನ್ನು ಓದಬೇಕು.

ಲಸಿಕೆಯ ವಿಷಯದಲ್ಲಿ ಕಥೆ ಚಿಕ್ಕದು. ಕ್ರಿಶ್ಚಿಯನ್ ಸೈನ್ಸ್ ಪಂಥಕ್ಕೆ ಇದ್ದ ಧಾರ್ಮಿಕ ವಿನಾಯಿತಿಯನ್ನು ಕೇಂದ್ರ ಸರ್ಕಾರ 2015ರಲ್ಲಿ ಹಿಂತೆಗೆದುಕೊಂಡಿತು. 2016ರ ಜನವರಿ 1ರಿಂದ, ವೈದ್ಯಕೀಯ ಕಾರಣವಿಲ್ಲದೆ ಮಕ್ಕಳಿಗೆ ಲಸಿಕೆ ಹಾಕಿಸದವರಿಗೆ ಕೆಲವು ಸರ್ಕಾರಿ ಸಹಾಯಧನಗಳು ನಿಂತವು.

ನಂಬಿಕೆಗಾಗಿ ಚಿಕಿತ್ಸೆಯನ್ನು ದೂರವಿಡುವುದು ನಮ್ಮವರಿಗೆ ಪರಕೀಯ ಸಂಗತಿಯಲ್ಲ. ಸಿಡುಬು, ದಡಾರ ಬಂದರೆ ‘ಅಮ್ಮ ಬಂದಿದ್ದಾಳೆ’ ಎಂದು ಬೇವಿನ ಸೊಪ್ಪು ಕಟ್ಟಿ ಔಷಧಿ ದೂರವಿಟ್ಟ ನಾಡು ನಮ್ಮದು. ಹಾಗೆಯೇ, 19ನೇ ಶತಮಾನದ ಆರಂಭದಲ್ಲಿ, ಗೋವಿನ ಸಿಡುಬಿನಿಂದ ತಯಾರಾದ ಲಸಿಕೆಯನ್ನು ಮೈಸೂರು ಅರಮನೆಯ ಹೆಣ್ಣುಮಕ್ಕಳು ಹಾಕಿಸಿಕೊಂಡು ಪ್ರಜೆಗಳಿಗೆ ಧೈರ್ಯ ತುಂಬಿದ್ದೂ ಇಲ್ಲೇ. ಥಾಮಸ್ ಹಿಕಿ 1805ರಲ್ಲಿ ಬರೆದ ಚಿತ್ರದಲ್ಲಿರುವುದು ಅವರೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಕಾಮಾಲೆಗೆ ಎಳೆಯ ಮೈಗೆ ಬರೆ ಹಾಕುವುದು ಇನ್ನೂ ಪೂರ್ತಿ ನಿಂತಿಲ್ಲ. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದನ್ನು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ಅಪರಾಧವೆಂದು ಹೇಳಬೇಕಾಯಿತು. ಪರ್ತ್‌ಗೋ ಬ್ರಿಸ್ಬೇನ್‌ಗೋ ಹೋಗಿ ನೆಲೆಸಿದ ಕನ್ನಡದ ಮನೆಗಳಲ್ಲಿ ಹರಕೆಯೂ ಉಂಟು, ಆಸ್ಪತ್ರೆಯೂ ಉಂಟು, ಎರಡಕ್ಕೂ ಜಗಳವಿಲ್ಲ. ಆದರೂ 2009ರಲ್ಲಿ ಸಿಡ್ನಿಯಲ್ಲಿ ಭಾರತ ಮೂಲದ ದಂಪತಿಗೆ ಆದ ಶಿಕ್ಷೆಯನ್ನು ಮರೆಯಬಾರದು. ತಂದೆ ಹೋಮಿಯೋಪತಿ ವೈದ್ಯ. 9 ತಿಂಗಳ ಮಗುವಿನ ಮೈತುಂಬ ಇಸುಬು ಹರಡಿ ಸೋಂಕಾದರೂ ಹೋಮಿಯೋಪತಿಯನ್ನೇ ನೆಚ್ಚಿಕೊಂಡರು, ಮಗು ಉಳಿಯಲಿಲ್ಲ. ನಮ್ಮ ಪದ್ಧತಿ, ನಮ್ಮ ನಂಬಿಕೆ ಎಂಬ ಮಾತು ಅಲ್ಲಿನ ಕೋರ್ಟಿನಲ್ಲಿ ನಡೆಯುವುದಿಲ್ಲ, ನಡೆಯಲೂಬಾರದು.

ಇಷ್ಟೆಲ್ಲ ಕಾಯ್ದೆ, ತೀರ್ಪುಗಳಿದ್ದೂ ಬ್ರಿಸ್ಬೇನ್‌ನಿಂದ ಪಶ್ಚಿಮಕ್ಕೆ ಎರಡು ಗಂಟೆಯೂ ಹಿಡಿಯದ ಟೂವೂಂಬಾ ಪಟ್ಟಣದಲ್ಲಿ 2022ರ ಜನವರಿ 7ರಂದು 8 ವರ್ಷದ ಹುಡುಗಿ ಇನ್ಸುಲಿನ್ ಸಿಗದೆ ಸತ್ತಳು. ಮನುಷ್ಯನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದ್ದು 1922ರ ಜನವರಿ 11ರಂದು, ಟೊರಾಂಟೋದಲ್ಲಿ, ಅದೂ ಒಬ್ಬ ಹುಡುಗನಿಗೆ. ನೂರು ವರ್ಷ ಮಕ್ಕಳನ್ನು ಉಳಿಸಿದ ಔಷಧಿ ಅವಳ ಮನೆಯಲ್ಲೇ ಇತ್ತು. ‘ದಿ ಸೇಂಟ್ಸ್’ ಎಂದು ಕರೆದುಕೊಳ್ಳುತ್ತಿದ್ದ, ಕೆಲವೇ ಕುಟುಂಬಗಳ ಗುಂಪು ಔಷಧಿಯನ್ನೇ ಅಪನಂಬಿಕೆಯ ಗುರುತೆಂದು ಎಣಿಸುತ್ತಿತ್ತು. 2019ರಲ್ಲೇ ಆ ಹುಡುಗಿ ಸಕ್ಕರೆ ಕಾಯಿಲೆಯಿಂದ ಸಾಯುವ ಸ್ಥಿತಿಗೆ ಬಂದಿದ್ದಳು. ಆಗ ಇನ್ನೂ ಗುಂಪು ಸೇರಿರದ ತಂದೆ ಆಸ್ಪತ್ರೆಗೆ ಒಯ್ದು ಉಳಿಸಿದ್ದರು. ಮಗುವಿಗೆ ಚಿಕಿತ್ಸೆ ಕೊಡಿಸದ ನಿರ್ಲಕ್ಷ್ಯಕ್ಕಾಗಿ ತಾಯಿ ಜೈಲಿಗೆ ಹೋದರು. 2021ರಲ್ಲಿ ತಂದೆಯೂ ಗುಂಪು ಸೇರಿದರು. ತಾಯಿ ಬಿಡುಗಡೆಯಾಗಿ ಮನೆಗೆ ಬಂದ ಕೆಲವೇ ವಾರಗಳಲ್ಲಿ ಇನ್ಸುಲಿನ್ ನಿಂತಿತು. ಸುತ್ತ ಕುಳಿತು ಹಾಡಿದರು, ಪ್ರಾರ್ಥಿಸಿದರು. ಆಂಬ್ಯುಲೆನ್ಸ್ ಕರೆದದ್ದು ಅವಳು ಸತ್ತು ಒಂದು ದಿನ ಕಳೆದ ಮೇಲೆ.

2025ರ ಜನವರಿ 29ರಂದು ಬ್ರಿಸ್ಬೇನ್ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಮಾರ್ಟಿನ್ ಬರ್ನ್ಸ್ ಹೆತ್ತವರೂ ಸೇರಿ ಗುಂಪಿನ 14 ಮಂದಿಯನ್ನೂ ನರಹತ್ಯೆಯ ಅಪರಾಧಿಗಳೆಂದು ಸಾರಿದರು. ಹೆತ್ತವರಿಗೆ 14 ವರ್ಷ, ಗುಂಪಿನ ನಾಯಕನಿಗೆ 13 ವರ್ಷ, ಉಳಿದವರಿಗೆ 6ರಿಂದ 9 ವರ್ಷ ಸಜೆಯಾಯಿತು. ತಂದೆ ಮತ್ತು ನಾಯಕನ ಮೇಲಿದ್ದ ಕೊಲೆಯ ಆರೋಪ ನಿಲ್ಲಲಿಲ್ಲ. ಆ ಮುಚ್ಚಿದ ವಾತಾವರಣದಲ್ಲಿ, ಮಗು ಸತ್ತೇ ಹೋದೀತು ಎಂಬ ಅರಿವು ತಂದೆಗೆ ಪೂರ್ತಿಯಾಗಿ ಮೂಡಿತ್ತೆಂದು ಸಂಶಯಕ್ಕೆಡೆಯಿಲ್ಲದೆ ಸಾಬೀತಾಗಿಲ್ಲ ಎಂದರು ನ್ಯಾಯಮೂರ್ತಿ. ಹಿಂದೆ ಇಂಥ ಪ್ರಕರಣಗಳಲ್ಲಿ ಸಾಮಾನ್ಯವಾಗಿ ಹೆತ್ತವರಷ್ಟೇ ಕಟಕಟೆ ಹತ್ತುತ್ತಿದ್ದರು. ಈ ಬಾರಿ ಹುರಿದುಂಬಿಸಿದ ಇಡೀ ಸಭೆಗೆ ಹೊಣೆ ಬಂತು.

ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಟ್ಟಿದ ಏರ್ಪಾಡೆಲ್ಲ ಮಗು ಆಸ್ಪತ್ರೆಯ ಒಳಗಿದೆ ಎಂದು ಎಣಿಸಿಕೊಂಡು ಮಾಡಿದ್ದು. ಇಬ್ಬರು ವೈದ್ಯರ ಒಪ್ಪಿಗೆ, ರಾತ್ರೋರಾತ್ರಿ ನ್ಯಾಯಾಧೀಶರ ಆದೇಶ, ಎಲ್ಲವೂ ಯಾರೋ ಮಗುವನ್ನು ಎತ್ತಿಕೊಂಡು ಬಂದ ಮೇಲೆ. ಟೂವೂಂಬಾದ ಹುಡುಗಿಯ ಕಾಯಿಲೆ ಆಸ್ಪತ್ರೆಗೆ ಗೊತ್ತಿತ್ತು, ತಾಯಿಯ ನಿಲುವು ನ್ಯಾಯಾಲಯಕ್ಕೆ ಗೊತ್ತಿತ್ತು. ದಿನಕ್ಕೆ ಹಲವು ಸಲ ಚುಚ್ಚುಮದ್ದು ಬೇಕಾದ ಮಗುವಿನ ಮನೆಯಲ್ಲಿ ಹೀಗೊಮ್ಮೆ ಶಿಕ್ಷೆಯಾಗಿದ್ದರೆ, ಶಿಕ್ಷೆಯಾದವರು ಮರಳಿ ಬರುವ ದಿನದಿಂದಲೇ ಒಬ್ಬ ನರ್ಸ್ ಆ ಮನೆಗೆ ಹೋಗಬೇಕು, ಮಗುವಿನ ಸಕ್ಕರೆಯ ಮಟ್ಟ ನೋಡಬೇಕು, ಇನ್ಸುಲಿನ್ ಬಾಟಲಿ ಖಾಲಿಯಾಗುತ್ತಿದೆಯೇ ಎಂದು ಪರೀಕ್ಷಿಸಬೇಕು, ಬಾಗಿಲು ತೆರೆಯದಿದ್ದರೆ ಅಂದೇ ಮಗುವನ್ನು ಹೊರತರುವ ಅಧಿಕಾರ ಆಕೆಯ ಬೆನ್ನಿಗಿರಬೇಕು.