ಸಾವಿರ ಮೀಟರ್ ಆಳದಲ್ಲೊಂದು ಹೀಟರ್

ರಿಯಾಕ್ಟರಿನಲ್ಲಿ ಉರಿದು ಮುಗಿದ ಯುರೇನಿಯಂ ಸರಳುಗಳನ್ನು ಕತ್ತರಿಸಿ ನೈಟ್ರಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಪ್ಲುಟೋನಿಯಂ, ಯುರೇನಿಯಂ ಬೇರ್ಪಡಿಸಿಕೊಂಡ ಮೇಲೆ ಉಳಿಯುವ ಆಮ್ಲದ ದ್ರವವೇ ಅಣುತ್ಯಾಜ್ಯಗಳಲ್ಲೆಲ್ಲ ಉಗ್ರವಾದದ್ದು. ಸೀಸಿಯಂ-137, ಸ್ಟ್ರಾನ್ಷಿಯಂ-90 ತುಂಬಿದ ಆ ದ್ರವ ತನ್ನ ವಿಕಿರಣದಿಂದಲೇ ಕಾಯುತ್ತಿರುತ್ತದೆ. ಬಿಡದೆ ತಣಿಸುತ್ತಲೇ ಇರಬೇಕು. ಅವೆರಡರ ಅರ್ಧಾಯುಷ್ಯ ಸುಮಾರು 30 ವರ್ಷ. ಸಾವಿರದಲ್ಲಿ ಒಂದು ಪಾಲಿಗೆ ಇಳಿಯಬೇಕಾದರೆ 300 ವರ್ಷ ಬೇಕು. ಅದಕ್ಕಿಂತ ಎಷ್ಟೋ ದೀರ್ಘಾಯುಷಿಗಳಾದ ಧಾತುಗಳೂ ಅದರಲ್ಲಿವೆ.

ನಾನು ಕೋಲಾರದ ಚಿನ್ನದ ಗಣಿಗಳ ಊರಾದ ಕೆ.ಜಿ.ಎಫ್.ನವನು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಅಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಚಿನ್ನ ತೆಗೆದುಕೊಂಡವರು ಬಿಟ್ಟುಹೋದ 3 ಕೋಟಿ ಟನ್‌ಗೂ ಹೆಚ್ಚಿನ ಪುಡಿಮಣ್ಣು ನಮ್ಮೂರಲ್ಲಿ ಗುಡ್ಡಗುಡ್ಡವಾಗಿ ಬಿದ್ದಿದೆ. ನಾವು ಅದನ್ನು ಸೈನೈಡ್ ದಿಬ್ಬ ಎನ್ನುತ್ತೇವೆ. ಗಾಳಿಗಾಲದಲ್ಲಿ ಅದರ ಧೂಳು ಒಗೆದು ಹರವಿದ ಬಟ್ಟೆಯ ಮೇಲೂ, ಅನ್ನದ ತಟ್ಟೆಯ ಮೇಲೂ ಕೂರುತ್ತದೆ. ಹುಟ್ಟಿಸಿದವರು ಹೊರಟುಹೋದ ಮೇಲೆ ಕಸಕ್ಕೆ ಯಾರೂ ವಾರಸುದಾರರಿರುವುದಿಲ್ಲ ಎಂಬುದು ನಮಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಅಣುತ್ಯಾಜ್ಯದ ಚರಿತ್ರೆಯನ್ನು ನಾನು ಓದಿದ್ದು ಈ ಕಣ್ಣಿನಿಂದಲೇ.

ಮೊದಲ ತಲೆಮಾರಿನವರಿಗೆ ಬಾಂಬಿನ ಅವಸರ. ಅಮೆರಿಕದ ಹ್ಯಾನ್‌ಫರ್ಡ್‌ನಲ್ಲಿ 1944ರಿಂದ ದ್ರವವನ್ನು ನೆಲದಡಿಯ ತೊಟ್ಟಿಗಳಿಗೆ ತುಂಬುತ್ತಾ ಹೋದರು; ಒಟ್ಟು 177 ತೊಟ್ಟಿಗಳಾದವು. ಅವುಗಳಲ್ಲಿ 149ಕ್ಕೆ ಒಂದೇ ಪದರದ ಉಕ್ಕಿನ ಗೋಡೆ. ಸಾದಾ ಉಕ್ಕನ್ನು ಆಮ್ಲ ತಿನ್ನದಿರಲೆಂದು ಕ್ಷಾರ ಬೆರೆಸಿದ್ದರಿಂದ ತ್ಯಾಜ್ಯದ ಗಾತ್ರ ಹೆಚ್ಚಿತು, ತಳದಲ್ಲಿ ರಾಡಿ ಕಟ್ಟಿತು. ಹಲವು ತೊಟ್ಟಿಗಳು ಸೋರಿದವು. ಸೋವಿಯತ್ ಒಕ್ಕೂಟದ ಮಾಯಾಕ್‌ನಲ್ಲಿ ಮೊದಮೊದಲು ಟೇಚಾ ನದಿಗೇ ಬಿಟ್ಟರು, ಆಮೇಲೆ ತೊಟ್ಟಿ ಕಟ್ಟಿದರು. 1957ರ ಸೆಪ್ಟೆಂಬರ್ 29ರಂದು, ತಣಿಸುವ ವ್ಯವಸ್ಥೆ ಕೆಟ್ಟಿದ್ದ ಒಂದು ತೊಟ್ಟಿಯಲ್ಲಿ ದ್ರವ ಬತ್ತಿ, ಉಳಿದ ಲವಣಗಳು ಸಿಡಿದವು. ಊರೂರನ್ನೇ ಖಾಲಿ ಮಾಡಿಸಿದರು. ನಡೆದದ್ದನ್ನು ಬಾಯಿಬಿಟ್ಟು ಒಪ್ಪಲು ಅಲ್ಲಿಯ ಸರ್ಕಾರಕ್ಕೆ ಮೂರು ದಶಕ ಬೇಕಾಯಿತು. ಆ ಮೂರು ದಶಕದ ಮೌನ ನನಗೆ ಸ್ಫೋಟಕ್ಕಿಂತ ಕಡಿಮೆ ಅಪರಾಧವಾಗಿ ಕಾಣುವುದಿಲ್ಲ.

ದ್ರವವನ್ನು ಗಾಜು ಮಾಡಿಬಿಡೋಣ ಎಂಬ ಯೋಚನೆ ಬಲಿತದ್ದು ಅದೇ ಐವತ್ತರ ದಶಕದಲ್ಲಿ. ಗಾಜಿನ ಒಳಜಾಲ ಹರಳಿನಷ್ಟು ಕಟ್ಟುನಿಟ್ಟಲ್ಲ. ಗಾತ್ರ, ಗುಣ ಬೇರೆಬೇರೆಯಾದ ಹತ್ತಾರು ಧಾತುಗಳಿಗೂ ಅದರಲ್ಲಿ ಎಡೆ ಸಿಗುತ್ತದೆ. ಹಸಿರು ಬಳೆಯ ಬಣ್ಣ ಎಷ್ಟು ತೊಳೆದರೂ ಹೋಗದಂತೆ, ಜಾಲಕ್ಕೆ ಸೇರಿದ ಧಾತುವನ್ನು ಗಾಜು ನೀರಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಕೆನಡಾದ ಚಾಕ್ ರಿವರ್‌ನಲ್ಲಿ 1958 ಮತ್ತು 1960ರಲ್ಲಿ ವಿಕಿರಣ ತ್ಯಾಜ್ಯ ಬೆರೆಸಿದ ಗಾಜಿನ ತುಂಡುಗಳನ್ನು ಅಂತರ್ಜಲದ ಮಟ್ಟಕ್ಕಿಂತ ಕೆಳಗೆ, ಮರಳಿನಲ್ಲಿ ಹೂತರು. ವರ್ಷಗಟ್ಟಲೆ ಸುತ್ತಲಿನ ನೀರನ್ನು ತೆಗೆದು ತೆಗೆದು ಪರೀಕ್ಷಿಸಿದರು. ಹೊರಬಂದದ್ದು ಅತ್ಯಲ್ಪ. ಇಡೀ ಚರಿತ್ರೆಯಲ್ಲಿ ನನಗೆ ಬಹಳ ಗೌರವ ಹುಟ್ಟಿಸುವ ಪ್ರಯೋಗ ಇದು: ನಂಬಿ ಎನ್ನುವ ಮೊದಲು ನೀರಿನಲ್ಲಿಟ್ಟು ನೋಡಿದರು. ಕೈಗಾರಿಕೆಯ ಮಟ್ಟದಲ್ಲಿ ಮೊದಲು ಶುರುವಾದದ್ದು ಫ್ರಾನ್ಸಿನ ಮಾರ್ಕೂಲ್‌ನಲ್ಲಿ, 1978ರಲ್ಲಿ.

ನಮ್ಮ ಟ್ರಾಂಬೆಯ ಪ್ಲುಟೋನಿಯಂ ಸ್ಥಾವರ 1964ರದು. ತಾರಾಪುರದಲ್ಲಿ ಗಾಜು ಮಾಡುವ ಸ್ಥಾವರ ಶುರುವಾದದ್ದು 1985ರಲ್ಲಿ. ದಪ್ಪ ಕಾಂಕ್ರೀಟ್ ಗೋಡೆಯ ಹಾಟ್ ಸೆಲ್ ಒಳಗೆ ಯಾರೂ ಹೋಗುವಂತಿಲ್ಲ. ಹೊರಗೆ ನಿಂತು, ಸೀಸದ ಗಾಜಿನ ಕಿಟಕಿಯಲ್ಲಿ ನೋಡುತ್ತಾ, ಯಂತ್ರದ ಕೈಗಳಿಂದಲೇ ಎಲ್ಲ ಕೆಲಸ. ದ್ರವವನ್ನು ಬತ್ತಿಸಿ, ಸಿಲಿಕಾ, ಬೋರಾನ್ ಮೊದಲಾದ ಗಾಜಿನ ಸಾಮಗ್ರಿ ಸೇರಿಸಿ, ಕುಲುಮೆಯಲ್ಲಿ ಸಾವಿರ ಡಿಗ್ರಿಯ ಹತ್ತಿರಕ್ಕೆ ಕಾಯಿಸುತ್ತಾರೆ. ಕರಗಿದ ಗಾಜನ್ನು ಸ್ಟೇನ್‌ಲೆಸ್ ಸ್ಟೀಲಿನ ಡಬ್ಬಿಗೆ ಹೊಯ್ದು, ಮುಚ್ಚಳ ವೆಲ್ಡ್ ಮಾಡುತ್ತಾರೆ.

ಟ್ರಾಂಬೆಯ ಹಳೆಯ ದ್ರವ ಮಾತ್ರ ಈ ವಿಧಾನಕ್ಕೆ ಸುಲಭವಾಗಿ ಒಗ್ಗಲಿಲ್ಲ. ಪ್ಲುಟೋನಿಯಂ ಬೇರ್ಪಡಿಸುವಾಗ ಬಳಸಿದ ಫೆರಸ್ ಸಲ್ಫಮೇಟ್‌ನಿಂದಾಗಿ ಅದರಲ್ಲಿ ಸಲ್ಫೇಟ್ ಸೇರಿಕೊಂಡಿತ್ತು. ಮಾಮೂಲಿ ಬೋರೋಸಿಲಿಕೇಟ್ ಗಾಜಿನಲ್ಲಿ ಸಲ್ಫೇಟ್ ಹೆಚ್ಚು ಕರಗುವುದಿಲ್ಲ. ಬೇರೆ ಪದರವಾಗಿ ನಿಲ್ಲುತ್ತದೆ, ಸೀಸಿಯಂ ಅನ್ನೂ ತನ್ನತ್ತ ಸೆಳೆದುಕೊಳ್ಳುತ್ತದೆ. ಆ ಪದರ ನೀರು ತಾಗಿದರೆ ಕರಗುತ್ತದೆ. ಅಂದರೆ ಗಾಜು ಮಾಡಿದ ಶ್ರಮವೆಲ್ಲ ವ್ಯರ್ಥ. ಭಾಭಾ ಅಣು ಸಂಶೋಧನಾ ಕೇಂದ್ರದ ರಸಾಯನಜ್ಞರು ಬೇರಿಯಂ ಸೇರಿಸಿದ ಗಾಜನ್ನು ರೂಪಿಸಿ ಇದಕ್ಕೆ ಪರಿಹಾರ ಕಂಡುಕೊಂಡರು. 2002ರಲ್ಲಿ ಟ್ರಾಂಬೆಯಲ್ಲೂ ಗಾಜಿನ ಸ್ಥಾವರ ಶುರುವಾಯಿತು. ಅರವತ್ತರ ದಶಕದ ಒಂದು ರಾಸಾಯನಿಕದ ಆಯ್ಕೆಗೆ ಮುಂದಿನ ತಲೆಮಾರು ಹೀಗೆ ಉತ್ತರ ಹುಡುಕಬೇಕಾಯಿತು. ಎಲ್ಲ ತ್ಯಾಜ್ಯಕ್ಕೂ ಇಷ್ಟು ಪಾಡಿಲ್ಲ. ಕೈಗಾದಂಥ ವಿದ್ಯುತ್ ಸ್ಥಾವರಗಳಲ್ಲಿ ಕಡಿಮೆ ವಿಕಿರಣದ ದ್ರವವನ್ನು ಸಂಸ್ಕರಿಸಿ, ಉಳಿದ ಗಸಿಯನ್ನು ಸಿಮೆಂಟಿನಲ್ಲಿ ಗಟ್ಟಿ ಮಾಡುತ್ತಾರೆ.

ಗಾಜಾದ ಮೇಲೂ ಉಗ್ರ ತ್ಯಾಜ್ಯ ದಶಕಗಟ್ಟಲೆ ಬಿಸಿಯಾಗಿಯೇ ಇರುತ್ತದೆ. ತಾರಾಪುರದ ಉಗ್ರಾಣದಲ್ಲಿ ಡಬ್ಬಿಗಳ ನಡುವೆ ಗಾಳಿ ತಾನಾಗಿ ಕಾದು, ಎತ್ತರದ ಚಿಮಣಿಯಿಂದ ಏರಿಹೋಗಿ ಅವನ್ನು ತಣಿಸುತ್ತದೆ. ಕೊನೆಗೊಂದು ದಿನ ಆಳದ ಬಂಡೆಯೊಳಗೆ ಇಡಬೇಕಲ್ಲ, ಆ ಕಾವಿಗೆ ಬಂಡೆ ಹಿಗ್ಗಿ ಬಿರುಕು ಬಿಟ್ಟರೆ? ಇದನ್ನು ತಿಳಿಯಲೆಂದೇ 1980ರ ದಶಕದಲ್ಲಿ ಕೋಲಾರದ ಗಣಿಯ ಕೆಲಸ ನಿಂತಿದ್ದ ಒಂದು ಭಾಗದಲ್ಲಿ, ಸುಮಾರು 1,000 ಮೀಟರ್ ಆಳದಲ್ಲಿ, ವಿದ್ಯುತ್ ಹೀಟರ್ ಇಟ್ಟು ಬಂಡೆಯ ಉಷ್ಣತೆ, ಒತ್ತಡಗಳನ್ನು ವರ್ಷಗಳ ಕಾಲ ಅಳೆದರು. ಕಾಯಿಸಿದ್ದು ಕರೆಂಟು, ವಿಕಿರಣ ತ್ಯಾಜ್ಯದ ಚೂರೂ ಅಲ್ಲಿಗೆ ಬಂದಿರಲಿಲ್ಲ. 1965ರಲ್ಲಿ ಇದೇ ಗಣಿಗಳ ಆಳದಲ್ಲಿ ವಾತಾವರಣದ ನ್ಯೂಟ್ರಿನೊ ಪತ್ತೆಯಾದ ಕತೆಯನ್ನು ನಮ್ಮೂರವರು ಹೆಮ್ಮೆಯಿಂದ ಹೇಳುತ್ತಾರೆ. ಹೀಟರಿನ ಕತೆ ಮಾತ್ರ ಹೆಚ್ಚಿನವರ ಕಿವಿಗೆ ಬೀಳಲಿಲ್ಲ.

ಅದರ ಬೆಲೆ 2012ರ ನವೆಂಬರಿನಲ್ಲಿ ಗೊತ್ತಾಯಿತು. ಕೂಡಂಕುಳಂ ಅಣುಸ್ಥಾವರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ನಮ್ಮ ಗಣಿಗಳ ಹೆಸರು ಬಂದದ್ದೇ ತಡ, ತ್ಯಾಜ್ಯ ತಂದು ಸುರಿಯುತ್ತಾರೆಂದು ಊರು ಬಂದ್ ಆಯಿತು. ಅಂಥ ಯೋಜನೆಯಿಲ್ಲವೆಂದು ಮೇಲಿನವರು ಹೇಳಿದರು, ಯಾರೂ ನಂಬಲಿಲ್ಲ. "ಸಾರ್, ಶಾಫ್ಟ್‌ಗೆ ಬಿಟ್ಟರೆ ನಮ್ ಬೋರ್‌ವೆಲ್‌ಗೆ ಬರುತ್ತಾ?" ಎಂದು ತರಗತಿಯಲ್ಲಿ ಹುಡುಗಿಯೊಬ್ಬಳು ಕೇಳಿದಳು. ಚಾಕ್ ರಿವರ್‌ನವರು ಕೇಳಿಕೊಂಡದ್ದೂ ಇದೇ ಪ್ರಶ್ನೆ ಎಂದೆ. ಮೂರು ಕಿಲೋಮೀಟರಿಗೂ ಆಳಕ್ಕೆ ತೋಡಿ ಟೊಳ್ಳಾದ, ಬಂಡೆ ತಾನಾಗಿ ಸಿಡಿಯುವ ರಾಕ್‌ಬರ್ಸ್ಟ್‌ಗಳಿಂದ ನಲುಗಿದ, 2001ರಲ್ಲಿ ಮುಚ್ಚಿದ ಮೇಲೆ ನೀರು ತುಂಬಿಕೊಂಡ ಗಣಿ ಇಂಥ ಗಾಜಿಗೆ ತಕ್ಕ ಜಾಗವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ, ಅದನ್ನೂ ಹೇಳಿದೆ. ಆದರೆ ದ್ರವವನ್ನು ಹುಟ್ಟಿಸಿದವರು ತಮ್ಮ ಕಾಲದಲ್ಲೇ ಗಾಜು ಮಾಡಬೇಕು, ಮೊಮ್ಮಕ್ಕಳ ಕೈಗೆ ತೊಟ್ಟಿ ಕೊಟ್ಟು ಹೋಗಬಾರದು ಎಂದೂ ಹೇಳಿದೆ. ಸೈನೈಡ್ ದಿಬ್ಬದ ಮಗ್ಗುಲಲ್ಲಿ ಬೆಳೆದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಆ ಹೀಟರಿನ ಸುತ್ತ ಅಳೆದ ಅಂಕಿಗಳು ತಜ್ಞರ ಇಂಗ್ಲಿಷ್ ವರದಿಗಳಲ್ಲಿವೆ. ನಮ್ಮೂರಿನ ಮಾತು ಕನ್ನಡ, ತಮಿಳು, ತೆಲುಗು. ಎಷ್ಟು ಕಾಯಿಸಿದರು, ಬಂಡೆ ಎಷ್ಟು ಹಿಗ್ಗಿತು, ಎಲ್ಲಿ ನಿಲ್ಲಿಸಿದರು ಎಂಬುದನ್ನು ಈ ಮೂರು ಭಾಷೆಗಳಲ್ಲಿ ಬರೆದು ನಮ್ಮ ರಾಬರ್ಟ್‌ಸನ್‌ಪೇಟೆಯ ಜನರ ಕೈಗೆ ಕೊಡಬೇಕು. ಗಣಿ ಇಳಿದವರಲ್ಲಿ ಹಲವರು ಇನ್ನೂ ಬದುಕಿದ್ದಾರೆ. ಆ ಬಂಡೆಯ ಸ್ವಭಾವ ಬಲ್ಲ ಅವರು ಓದಿ, ತಿರುಗಿ ಪ್ರಶ್ನೆ ಕೇಳಲಿ.