ಸೋಸಿದ ನೀರು ಮತ್ತು ಅಹಿಂಸೆ

ಗಂಗರ ಮೊದಲ ರಾಜಧಾನಿಯೆಂದು ಹೆಸರಾದ ಕುವಲಾಲಪುರವೇ ಇಂದಿನ ಕೋಲಾರ. ಸಿಂಹನಂದಿ ಆಚಾರ್ಯರು ಗಂಗವಂಶದ ಸ್ಥಾಪನೆಗೆ ಬೆಂಬಲವಾಗಿ ನಿಂತರೆಂದು ಶಾಸನಗಳು ಸ್ಮರಿಸುತ್ತವೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ, ಹೋಳೂರಿನಿಂದ ಮುಳಬಾಗಿಲಿನವರೆಗೆ, ತಲೆಮಾರುಗಳಿಂದ ಕೆರೆ ಬಾವಿಗಳೇ ಜೀವಾಧಾರವಾಗಿದ್ದವು. ಬಟ್ಟೆಯಲ್ಲಿ ಸೋಸದ ನೀರನ್ನು ಬಳಸಬಾರದೆಂಬುದು ಶ್ರಾವಕನ ನಿತ್ಯನಿಯಮ. ಜಲದಲ್ಲಿರುವ ಸೂಕ್ಷ್ಮ ಜೀವಿಗಳ ರಕ್ಷಣೆಯೇ ಅದರ ಉದ್ದೇಶ. ಅದೇ ನಿಯಮ ಮನುಷ್ಯನನ್ನೂ ಕಾಪಾಡಬಲ್ಲದೆಂಬುದಕ್ಕೆ ನಾರುಹುಣ್ಣಿನ ಇತಿಹಾಸ ಸಾಕ್ಷಿಯಾಗಿದೆ.

ಕರ್ನಾಟಕವೂ ಸೇರಿದಂತೆ ಭಾರತದ ಹಲವು ರಾಜ್ಯಗಳನ್ನು ಈ ರೋಗ ಕಾಡಿತ್ತು. ಸೈಕ್ಲಾಪ್ಸ್ ಎಂಬ ಕಿರುಜೀವಿಯಲ್ಲಿ ಹುಳುವಿನ ಮರಿ ಅಡಗಿರುತ್ತದೆ. ಅಂಥ ನೀರು ಕುಡಿದವನ ಚರ್ಮವನ್ನು ಸೀಳಿ, ಸುಮಾರು ಒಂದು ವರ್ಷದ ನಂತರ, ಮೊಳದುದ್ದಕ್ಕೂ ಮೀರಿದ ಹುಳು ಹೊರಬರುತ್ತದೆ. ರೋಗಿ ಮೆಟ್ಟಿಲುಬಾವಿಗೆ ಇಳಿದರೆ ಮರಿಗಳು ಮತ್ತೆ ನೀರು ಸೇರುತ್ತವೆ. ಇದಕ್ಕೆ ಲಸಿಕೆಯಾಗಲಿ, ಹುಳುವನ್ನು ನಾಶಮಾಡುವ ಔಷಧವಾಗಲಿ ಇರಲಿಲ್ಲ. ನೀರು ಸೋಸುವುದು, ರೋಗಿಯನ್ನು ಬಾವಿಯಿಂದ ದೂರವಿಡುವುದು, ಕೈಪಂಪು ಹಾಕಿಸುವುದು, ಇವೇ ಮುಖ್ಯ ಉಪಾಯಗಳು. ದೇಶದ ಕೊನೆಯ ಪ್ರಕರಣ 1996ರಲ್ಲಿ ಕಂಡಿತು. 2000ದಲ್ಲಿ ಭಾರತ ರೋಗಮುಕ್ತವೆಂದು ಘೋಷಿತವಾಯಿತು.

ಇಲ್ಲೊಂದು ಧರ್ಮಸೂಕ್ಷ್ಮವಿದೆ. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಬಂದ ಜಲಕ್ಕೇ ಮರಳಿಸುವುದು ಸಂಪ್ರದಾಯ. ಆದರೆ ಆ ಕಾರ್ಯಕ್ರಮದಲ್ಲಿ ಸೈಕ್ಲಾಪ್ಸ್‌ಗಳನ್ನು ಕೊಲ್ಲುವ ಟೆಮಿಫಾಸ್ ಎಂಬ ರಾಸಾಯನಿಕವನ್ನೂ ಬಾವಿಗಳಿಗೆ ಬಳಸಲಾಯಿತು. ರೋಗಿ ಬಾವಿಗಿಳಿಯದಂತೆ ಮೊದಲೇ ತಡೆದಿದ್ದ ಊರಿನಲ್ಲಿ ಆ ಪ್ರಮೇಯವೇ ಬರಬೇಕಾಗಿರಲಿಲ್ಲ. ಮುನ್ನೆಚ್ಚರಿಕೆ ಕುಂದಿದಷ್ಟೂ ಹಿಂಸೆ ಅನಿವಾರ್ಯವಾಗುತ್ತದೆ ಎಂಬುದೇ ಇದರ ಪಾಠ.

ಬಟ್ಟೆಗೂ ಮಿತಿಯಿದೆ. 2003ರಲ್ಲಿ ಪ್ರಕಟವಾದ ಬಾಂಗ್ಲಾದೇಶದ ಅಧ್ಯಯನದಲ್ಲಿ, ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ ಶೇಕಡ 48ರಷ್ಟು ಕಡಿಮೆಯಾಯಿತು, ಪೂರ್ಣ ನಿಲ್ಲಲಿಲ್ಲ. ಬಿಡಿಯಾದ ರೋಗಾಣುಗಳು ಬಟ್ಟೆಯ ಎಳೆಗಳ ನಡುವೆ ನುಸುಳುತ್ತವೆ. ಆದುದರಿಂದ ನೀರನ್ನು ಕುದಿಸಬೇಕು, ಸಾಬೂನಿನಿಂದ ಕೈ ತೊಳೆಯಬೇಕು. ರೋಗ ಬಂದಾಗ ಔಷಧ ನಿರಾಕರಿಸುವುದು ಅಹಿಂಸೆಯಲ್ಲ. ಕಾಲರಾದಲ್ಲಿ ಉಪ್ಪು ಸಕ್ಕರೆ ಬೆರೆಸಿದ ಜೀವಜಲವೇ ಮೊದಲ ಚಿಕಿತ್ಸೆ. ತೀವ್ರವಾದಾಗ ವೈದ್ಯರು ಆ್ಯಂಟಿಬಯಾಟಿಕ್ ಸೇರಿಸುತ್ತಾರೆ. ವೈರಸ್ಸಿನಿಂದ ಬಂದ ನೆಗಡಿಗೆ ಅದನ್ನು ನುಂಗುವುದು ವ್ಯರ್ಥ ಮಾತ್ರವಲ್ಲ. ಅನಗತ್ಯ ಬಳಕೆಯಿಂದ ಔಷಧಕ್ಕೆ ಜಗ್ಗದ ರೋಗಾಣುಗಳು ಬೆಳೆದು, ನಿಜವಾದ ರೋಗಿಗೆ ಮದ್ದೇ ಇಲ್ಲದಂತಾಗುತ್ತದೆ.

ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಬಸದಿಯ ಬಾವಿಗೆ ಮುಚ್ಚಳ, ಯಾತ್ರಿಕರಿಗೆ ಕುದಿಸಿದ ನೀರು, ಧರ್ಮಶಾಲೆಯ ಶೌಚಾಲಯದಲ್ಲಿ ಸಾಬೂನು, ಇವನ್ನು ಒದಗಿಸುವ ಟ್ರಸ್ಟು ರೋಗ ಬರುವ ಮೊದಲೇ ಆ ದಾನವನ್ನು ಮಾಡಿದಂತೆ.