ಕಲ್ಯಾಣದಿಂದ ಸಟನ್‌ವರೆಗೆ: ಆಸ್ತಿ ವ್ಯಾಜ್ಯದಲ್ಲಿ ಗಂಡ–ಹೆಂಡತಿಯ ಸಾಕ್ಷ್ಯ

ಆಸ್ತಿ ವ್ಯಾಜ್ಯದಲ್ಲಿ ಗಂಡನ ಪರವಾಗಿ ಹೆಂಡತಿ, ಹೆಂಡತಿಯ ಪರವಾಗಿ ಗಂಡ ಸಾಕ್ಷಿ ಹೇಳಬಹುದೇ? ಸಟನ್‌ನಲ್ಲಿ ಮನೆ ಮಾಡಿಕೊಂಡು, ಊರಿನಲ್ಲಿ ನಿವೇಶನವನ್ನೋ ತೋಟವನ್ನೋ ಉಳಿಸಿಕೊಂಡಿರುವವರಿಗೆ ಈ ಪ್ರಶ್ನೆ ಎಂದಾದರೂ ಎದುರಾಗಬಹುದು. ದಾವೆ ನಡೆಯುವುದು ಅಲ್ಲಿ, ವಾದಿ ಇರುವುದು ಇಲ್ಲಿ. ಇಬ್ಬರಲ್ಲಿ ರಜೆ ಸಿಕ್ಕವರು ಹೋಗಿ ಹೇಳಿ ಬಂದರಾಯಿತು ಎಂದು ಭಾವಿಸುವವರಿದ್ದಾರೆ. ಈ ಪ್ರಶ್ನೆಗೆ ಕನ್ನಡ ನಾಡಿನಲ್ಲೂ ಇಂಗ್ಲೆಂಡಿನಲ್ಲೂ ದೀರ್ಘ ಇತಿಹಾಸವಿದೆ.

ಮೊದಲು ನಮ್ಮ ನಾಡಿನ ಮಾತು. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವಾಗಿರುವ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದನು. ಅವಿಭಕ್ತರಾಗಿರುವ ಅಣ್ಣತಮ್ಮಂದಿರು, ತಂದೆ–ಮಗ ಮತ್ತು ದಂಪತಿಗಳ ನಡುವೆ ಜಾಮೀನು, ಸಾಲ, ಸಾಕ್ಷ್ಯ ಇವು ಸಲ್ಲವು ಎಂಬುದು ಆ ಸ್ಮೃತಿಯ ನಿಯಮ. ಏಕೆ ಸಲ್ಲವು? ವಿಜ್ಞಾನೇಶ್ವರನು ಕೊಡುವ ಕಾರಣ ಲೌಕಿಕವಾದದ್ದು: ಹಣ ಇಬ್ಬರಿಗೂ ಸೇರಿದ್ದು, ಜಾಮೀನೂ ಸಾಕ್ಷ್ಯವೂ ಕೊನೆಗೆ ಆ ಹಣದ ಖರ್ಚಿಗೆ ದಾರಿಯಾಗಬಹುದು. ಹಾಗಾಗಿ ಪರಸ್ಪರ ಒಪ್ಪಿಗೆ ಇದ್ದರೆ ಅವಿಭಕ್ತರಿಗೂ ಅಡ್ಡಿಯಿಲ್ಲ ಎನ್ನುತ್ತಾನೆ. ಗಂಡ–ಹೆಂಡತಿಯ ನಡುವೆ ವಿಭಾಗವೇ ಇಲ್ಲವೆಂದು ಆಪಸ್ತಂಬ ಹೇಳಿದ್ದಾನಲ್ಲ ಎಂಬ ಆಕ್ಷೇಪವನ್ನೂ ಅವನೇ ಎತ್ತಿ, ಆ ಮಾತು ವೈದಿಕ ಕರ್ಮ ಮತ್ತು ಅದರ ಫಲಕ್ಕೆ ಅನ್ವಯಿಸುತ್ತದೆ, ದ್ರವ್ಯಕ್ಕಲ್ಲ ಎಂದು ಉತ್ತರಿಸುತ್ತಾನೆ. ಆದರೆ ಇದೇ ಸ್ಮೃತಿ ಸಾಕ್ಷಿಗಳಾಗಲು ಅನರ್ಹರ ಪಟ್ಟಿಯಲ್ಲಿ ಸ್ತ್ರೀಯರನ್ನೂ ಸೇರಿಸಿತ್ತು. ಕಳವು, ಹಿಂಸೆಯಂಥ ಪ್ರಕರಣಗಳಲ್ಲಿ ಯಾರಾದರೂ ಸಾಕ್ಷಿಯಾಗಬಹುದಿತ್ತು. ಸಾಲ, ಆಸ್ತಿಯ ವ್ಯವಹಾರಗಳಲ್ಲಿ ಹೆಂಡತಿಯ ಮಾತಿಗೆ ಎರಡು ಬೇಲಿಗಳಿದ್ದವು.

ಇನ್ನು ಇಂಗ್ಲೆಂಡ್. 1847ರಲ್ಲಿ ರೈಲು ಬಂದಾಗ ಸಟನ್ ಸರ್ರೆ ಕೌಂಟಿಯ ಒಂದು ಹಳ್ಳಿ; ಲಂಡನ್ನಿಗೆ ಸೇರಿದ್ದು 1965ರಲ್ಲಿ. ಆ ಹಳ್ಳಿಯ ರೈತನೊಬ್ಬ ಹೊಲದ ಒಡೆತನಕ್ಕಾಗಿ ಆಗ ದಾವೆ ಹೂಡಿದ್ದರೆ ಅವನೂ ಸಾಕ್ಷಿ ಹೇಳುವಂತಿರಲಿಲ್ಲ, ಅವನ ಹೆಂಡತಿಯೂ ಹೇಳುವಂತಿರಲಿಲ್ಲ. ಲಾಭವಿರುವವನು ಸುಳ್ಳು ಹೇಳುತ್ತಾನೆ, ದಂಪತಿಗಳು ಕಾನೂನಿನ ಕಣ್ಣಿಗೆ ಒಬ್ಬರೇ ಎಂಬುದು ಆಗಿನ ತರ್ಕ. 1846ರ ಕೌಂಟಿ ಕೋರ್ಟ್ ಕಾಯಿದೆ ಸಣ್ಣ ಬಾಕಿ ವಸೂಲಿಯ ದಾವೆಗಳಲ್ಲಿ ಈ ನಿರ್ಬಂಧ ಸಡಿಲಿಸಿತು. ಲಾರ್ಡ್ ಬ್ರೂಮ್ ಅವರ ಪ್ರಯತ್ನದಿಂದ ಬಂದ 1851ರ ಕಾಯಿದೆ ವಾದಿ–ಪ್ರತಿವಾದಿಗಳಿಗೆ ಬಾಯಿ ಕೊಟ್ಟಿತು. ಅವರ ಪತಿ–ಪತ್ನಿಯರಿಗೆ ಮಾತ್ರ ಆ ಹಕ್ಕು ದೊರೆತದ್ದು 1853ರ ತಿದ್ದುಪಡಿಯಿಂದ.

ಈ ಬದಲಾವಣೆ ಬೇಗನೆ ಭಾರತಕ್ಕೂ ಬಂತು. 1855ರ ಎರಡನೆಯ ಕಾಯಿದೆ ಸಿವಿಲ್ ದಾವೆಗಳಲ್ಲಿ ದಂಪತಿಗಳ ಸಾಕ್ಷ್ಯವನ್ನು ಒಪ್ಪಿತು. ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರೂಪಿಸಿದ 1872ರ ಸಾಕ್ಷ್ಯ ಅಧಿನಿಯಮದ 120ನೆಯ ಕಲಮು ಅದನ್ನು ಖಚಿತಪಡಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಆ ನಿಯಮ 126ನೆಯ ಕಲಮಾಗಿ ಉಳಿದಿದೆ.

ಹಾಗಾದರೆ ಉತ್ತರ ಸರಳ: ಹೇಳಬಹುದು. ಆದರೆ ಎರಡು ಮಿತಿಗಳನ್ನು ನಾವು ತಿಳಿದಿರಬೇಕು.

ಮೊದಲನೆಯದು ಗುಟ್ಟಿನ ಮಾತು. ಹಳೆಯ 122ನೆಯ, ಈಗಿನ 128ನೆಯ ಕಲಮಿನಂತೆ, ದಾಂಪತ್ಯದಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳಿದ್ದನ್ನು, ಹೇಳಿದವರ ಒಪ್ಪಿಗೆಯಿಲ್ಲದೆ ನ್ಯಾಯಾಲಯದಲ್ಲಿ ಬಿಚ್ಚಿಡುವಂತಿಲ್ಲ. ದಂಪತಿಗಳೇ ಪರಸ್ಪರ ಹೂಡಿದ ದಾವೆಗೆ ಇದು ಅನ್ವಯಿಸದು. ಗಂಡ ಹಣ ಎಣಿಸಿ ಕೊಟ್ಟದ್ದನ್ನು ಕಣ್ಣಾರೆ ಕಂಡ ಹೆಂಡತಿ ಅದನ್ನು ಹೇಳಬಹುದು. ಆ ಹಣ ಯಾರದೆಂದು ಅವನು ಅವಳ ಬಳಿ ಹೇಳಿಕೊಂಡದ್ದನ್ನು ಹೇಳಲಾಗದು. ಇಂಗ್ಲೆಂಡಿನ ಸಿವಿಲ್ ದಾವೆಗಳಲ್ಲಿ ಇಂಥ ರಕ್ಷಣೆ 1968ರಲ್ಲೇ ಹೋಯಿತು. ಹೀಗೆ ಒಂದೇ ಮಾತನ್ನು ಬೆಂಗಳೂರಿನಲ್ಲಿ ತಡೆಯಬಹುದು, ಲಂಡನ್ನಿನಲ್ಲಿ ತಡೆಯಲಾಗದು.

ಎರಡನೆಯದು ನಮ್ಮವರಿಗೆ ಇನ್ನೂ ಮುಖ್ಯ. ಪುಣೆಯ ಆಸ್ತಿಯೊಂದರ ವಿವಾದದಲ್ಲಿ ಪಾಲು ಕೇಳಿದ ಮಹಿಳೆಯರು ತಾವು ಸಾಕ್ಷಿ ಹೇಳದೆ, ಪತಿಗೆ ಜಿಪಿಎ ಕೊಟ್ಟು ಆತನಿಂದ ಹೇಳಿಸಿದ್ದರು. ಜಾನಕಿ ವಾಶ್‌ದೇವ್ ಭೋಜ್ವಾನಿ ಪ್ರಕರಣವೆಂದು ಹೆಸರಾದ ಇದರಲ್ಲಿ, 2004ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಜಿಪಿಎ ಹೊಂದಿದವನು ತಾನು ಮಾಡಿದ ಕೆಲಸದ ಬಗ್ಗೆ ಸಾಕ್ಷಿ ಹೇಳಬಹುದು, ಅದನ್ನು ಕೊಟ್ಟವರಿಗೆ ಮಾತ್ರ ಗೊತ್ತಿರುವ ಸಂಗತಿಗಳ ಬಗ್ಗೆ ಅವರ ಬದಲಿಗೆ ಹೇಳಲಾಗದು. ಪಾಟೀಸವಾಲು ಎದುರಿಸಬೇಕಾದವರು ವಿಷಯ ಬಲ್ಲವರೇ.

ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಕೇಳಿದ ಪ್ರಶ್ನೆ ‘ಹಣ ಒಂದೇ ಆಗಿರುವಾಗ ಸಾಕ್ಷ್ಯ ಹೇಗೆ?’ ಎಂಬುದು. ಇಂದಿನ ನ್ಯಾಯಾಲಯದ ಪ್ರಶ್ನೆ ‘ನಿಮಗೆ ಸ್ವತಃ ಗೊತ್ತಿರುವುದೇನು?’ ಎಂಬುದು. ಮದುವೆ ಈಗ ಸಾಕ್ಷಿಯ ಬಾಯಿ ಕಟ್ಟುವುದಿಲ್ಲ, ಒಬ್ಬರ ನೆನಪನ್ನು ಇನ್ನೊಬ್ಬರಿಗೆ ವರ್ಗಾಯಿಸುವುದೂ ಇಲ್ಲ. ಕ್ರಯದ ಮಾತುಕತೆ ಯಾರು ನಡೆಸಿದರು, ಹಣ ಯಾರ ಖಾತೆಯಿಂದ ಹೋಯಿತು, ಸಹಿಯ ವೇಳೆ ಯಾರಿದ್ದರು ಎಂಬುದನ್ನು ದಾವೆಗೆ ಮೊದಲೇ ಬರೆದಿಟ್ಟುಕೊಂಡರೆ ಸಾಕ್ಷಿ ಯಾರಾಗಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಅವರು ಹೊರದೇಶದಲ್ಲಿದ್ದರೂ ದಾರಿ ಮುಚ್ಚಿಲ್ಲ: ದೃಶ್ಯ–ಶ್ರವ್ಯ ಸಂಪರ್ಕದ ಮೂಲಕ ಅಂಥ ಸಾಕ್ಷ್ಯ ಪಡೆಯಲು ಕರ್ನಾಟಕ ಹೈಕೋರ್ಟ್ 2003ರಲ್ಲೇ ಷರತ್ತುಗಳೊಡನೆ ಒಪ್ಪಿದೆ.